ದಿಕ್ಕಿಲ್ಲದ ಶವವೂ ದಫ್ತರದ ಗುಟ್ಟೂ

ದಿನಪತ್ರಿಕೆಯ ಒಳಪುಟದಲ್ಲಿ, ಅಡಿಕೆಯ ಧಾರಣೆಗೂ ಕಳೆದುಹೋದ ಅಂಕಪಟ್ಟಿಯ ಜಾಹೀರಾತಿಗೂ ನಡುವೆ, ಆಗಾಗ ಒಂದು ಚಿಕ್ಕ ಪ್ರಕಟಣೆ ಕಾಣಸಿಗುವುದುಂಟು. ಸುಮಾರು ಇಷ್ಟು ವಯಸ್ಸಿನ ಗಂಡಸು, ಎತ್ತರ ಇಷ್ಟು, ಎಣ್ಣೆಗೆಂಪು ಮೈಬಣ್ಣ, ಬಲಮುಂಗೈಯಲ್ಲಿ ಹಚ್ಚೆ, ನೀಲಿ ಅಂಗಿ, ಬಿಳಿಯ ಪಂಚೆ. ಗುರುತು ತಿಳಿದವರು ಪೊಲೀಸು ಠಾಣೆಗೆ ತಿಳಿಸತಕ್ಕದ್ದು. ನಮ್ಮಲ್ಲಿ ಬಹುಮಂದಿ ಅದನ್ನು ಓದದೆಯೇ ಪುಟ ತಿರುವುತ್ತೇವೆ. ಯಾರೂ ಬಾರದಿದ್ದರೆ ಆ ದೇಹವನ್ನು ಊರೇ ಮಣ್ಣು ಮಾಡುತ್ತದೆ. ದೇಹದ ಕಥೆ ಅಲ್ಲಿಗೆ ಮುಗಿಯಿತು. ಆದರೆ ಆ ಮನುಷ್ಯನ ವಿಷಯವಾಗಿ ಊರಿಗೆ ತಿಳಿದುಬಂದ ಸಂಗತಿಗಳು ಉಳಿದುಕೊಳ್ಳುತ್ತವೆ: ಅವನ ಮುಖದ ಚಿತ್ರ, ಜೇಬಿನಲ್ಲಿದ್ದ ಚೀಟಿ, ಬಂದ ರೋಗ, ಕೆಲವೊಮ್ಮೆ ಹೆಸರು, ವಿಳಾಸ, ಬ್ಯಾಂಕಿನ ಪುಸ್ತಕ, ಮನೆಯ ಬೀಗದ ಕೈ. ಇವುಗಳಲ್ಲಿ ಯಾವುದನ್ನು ಯಾರಿಗೆ ಹೇಳಬೇಕು, ಯಾವುದನ್ನು ಯಾರಿಗೂ ಹೇಳಬಾರದು? ಹೇಳದಿದ್ದರೆ ಮಗನನ್ನು ಹುಡುಕುತ್ತಿರುವ ತಾಯಿಗೆ ಸುದ್ದಿ ಮುಟ್ಟುವುದಿಲ್ಲ. ಎಲ್ಲವನ್ನೂ ಹೇಳಿದರೆ ಸತ್ತವನ ಗುಟ್ಟು ಬೀದಿಗೆ ಬೀಳುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳನ್ನು ಈ ಪ್ರಶ್ನೆಗೆ ನಿದರ್ಶನವಾಗಿ ತೆಗೆದುಕೊಳ್ಳೋಣ. ಇವು ದೊಡ್ಡ ನಗರಗಳಲ್ಲ. ಆದರೆ ದಾರಿಹೋಕರ ಊರುಗಳು. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಪುತ್ತೂರು, ಸುಳ್ಯಗಳ ನಡುವಿನಿಂದಲೇ ಹಾಯುತ್ತದೆ. ನೇತ್ರಾವತಿ, ಕುಮಾರಧಾರಾ ನದಿಗಳು ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಮಳೆಗಾಲದ ನೆರೆ ಮೇಲಿನಿಂದ ಏನನ್ನು ತರುವುದೆಂದು ಹೇಳುವಂತಿಲ್ಲ. ಕುಕ್ಕೆ ಸುಬ್ರಹ್ಮಣ್ಯಕ್ಕೆ ನಾಡಿನ ಎಲ್ಲ ಕಡೆಗಳಿಂದ ಯಾತ್ರಿಕರು ಬರುತ್ತಾರೆ. ನೆಟ್ಟಣದ ನಿಲ್ದಾಣದಲ್ಲಿ ರೈಲು ಇಳಿಯುತ್ತಾರೆ. ತೋಟಗಳಿಗೆ ದೂರದ ರಾಜ್ಯಗಳಿಂದ ಕೂಲಿಯಾಳುಗಳು ಬರುತ್ತಾರೆ. ಇಂಥ ಕಡೆ ಊರಿನವನಲ್ಲದ ಒಬ್ಬನು ಆಸ್ಪತ್ರೆಯಲ್ಲೋ ಬಸ್ಸು ತಂಗುದಾಣದಲ್ಲೋ ಕಣ್ಣು ಮುಚ್ಚುವುದು ಅಪರೂಪವೇನಲ್ಲ.

ಹಾಗಾದಾಗ ಹೊಣೆ ಯಾರದು? ನಮ್ಮ ಸಂವಿಧಾನದ 12ನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯೊಂದುಂಟು. ಅದರಲ್ಲಿ 14ನೆಯದು ರುದ್ರಭೂಮಿ ಮತ್ತು ದಹನಭೂಮಿ. 16ನೆಯದು ಜನನ ಮರಣಗಳ ನೋಂದಣಿ. (ಎರಡರ ನಡುವೆ 15ನೆಯದಾಗಿ ದನದ ದೊಡ್ಡಿ ಬಂದು ಕೂತಿದೆ, ಪಟ್ಟಿ ಮಾಡಿದವರ ಮನಸ್ಸಿನ ಓಟ ನಮಗೆ ತಿಳಿಯದು.) ಹೀಗೆ ಪುತ್ತೂರಿನ ನಗರಸಭೆ, ಸುಳ್ಯ ಹಾಗೂ ಕಡಬದ ಪಟ್ಟಣ ಪಂಚಾಯತಿಗಳು ಶವಕ್ಕೆ ನೆಲವನ್ನು ಒದಗಿಸುವುದರ ಜೊತೆಗೆ ಸಾವಿನ ಲೆಕ್ಕಕ್ಕೂ ಸಂಬಂಧಪಟ್ಟವುಗಳಾಗಿವೆ. ಅಸ್ವಾಭಾವಿಕ ಮರಣವಾದರೆ ಮೊದಲು ಪೊಲೀಸರು ಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನ ಪ್ರಕಾರ ಅವರು ನೆರೆಹೊರೆಯ ಇಬ್ಬರಾದರೂ ಗೌರವಸ್ಥರ ಸಮಕ್ಷಮ ಶವದ ಮಹಜರು ಬರೆಯಬೇಕು. ಮರಣೋತ್ತರ ಪರೀಕ್ಷೆ, ವಾರಸುದಾರರಿಗಾಗಿ ಕಾಯುವಿಕೆ, ಆಮೇಲೆ ಸ್ಥಳೀಯ ಸಂಸ್ಥೆಗೆ ಪತ್ರ, ಕೊನೆಗೆ ಗುಂಡಿ. ಯಾರೂ ಕೇಳದ ಶವವು ವೈದ್ಯ ವಿದ್ಯಾರ್ಥಿಗಳ ಅಧ್ಯಯನಕ್ಕೆ ಹೋಗುವುದಕ್ಕೂ 1957ರ ಅಂಗರಚನಾ ಶಾಸ್ತ್ರ ಕಾಯಿದೆಯಲ್ಲಿ ಅವಕಾಶವಿದೆ. ಪ್ರತಿಯೊಂದು ಹಂತದಲ್ಲಿಯೂ ಒಂದು ಕಾಗದ ಹುಟ್ಟುತ್ತದೆಂಬುದನ್ನು ಓದುಗರು ಗಮನಿಸಬೇಕು.

ಗುರುತು ತಿಳಿಯದ ಶವವನ್ನು ಸಾಮಾನ್ಯವಾಗಿ ಸುಡುವುದಿಲ್ಲ, ಹೂಳುತ್ತಾರೆ. ಕಾರಣ ಧರ್ಮದ್ದಲ್ಲ, ವಿಜ್ಞಾನದ್ದು. ಮುಂದೆ ಯಾರಾದರೂ ಬಂದರೆ ಮೇಲೆತ್ತಿ ಪರೀಕ್ಷಿಸಬಹುದು. ಹಲ್ಲಿನ ತಿರುಳಿನಿಂದ, ತೊಡೆಯ ಮೂಳೆಯಿಂದ ಡಿ.ಎನ್.ಎ. ತೆಗೆಯಬಹುದು. ಚಿತೆಯ ಬೆಂಕಿ ಅದನ್ನು ಉಳಿಸುವುದಿಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಹೂಳುವುದೂ ಸಂಪೂರ್ಣ ಭರವಸೆಯಲ್ಲ. ಇಲ್ಲಿನದು ಮುರಕಲ್ಲಿನ ನೆಲ, ಹುಳಿಯಾದ ಮಣ್ಣು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ. ಮೂಳೆಯ ಗಟ್ಟಿತನಕ್ಕೆ ಕಾರಣವಾದ ಸುಣ್ಣ ಹಾಗೂ ರಂಜಕದ ಸಂಯುಕ್ತವು ಆಮ್ಲದಲ್ಲಿ ಕರಗತಕ್ಕದ್ದು. ಒಣನಾಡಿನ ಸುಣ್ಣದ ಮಣ್ಣಿನಲ್ಲಿ ಶತಮಾನಗಳ ಕಾಲ ಇರಬಲ್ಲ ಮೂಳೆ ಇಲ್ಲಿ ಬಹುಬೇಗ ಶಿಥಿಲವಾಗುತ್ತದೆ. ಆದುದರಿಂದ ಹೂಳುವ ಮುನ್ನ ತೆಗೆದಿಟ್ಟ ಒಂದು ಹಲ್ಲು, ಬರೆದಿಟ್ಟ ಒಂದು ಹಾಳೆ, ಇವೇ ಕೊನೆಗೆ ಉಳಿಯುವ ಸಾಕ್ಷ್ಯ.

ಆ ಹಾಳೆ ಎಲ್ಲಿರುತ್ತದೆ? ಮರಣವನ್ನು ಸತ್ತವನ ಊರಿನಲ್ಲಿ ಅಲ್ಲ, ಸತ್ತ ಊರಿನಲ್ಲಿ ನೋಂದಾಯಿಸಬೇಕೆಂಬುದು ನಿಯಮ. ಕೋಲಾರದಿಂದ ಯಾತ್ರೆಗೆ ಬಂದವನು ಸುಬ್ರಹ್ಮಣ್ಯದಲ್ಲಿ ತೀರಿಕೊಂಡರೆ ಕೋಲಾರದ ಪುಸ್ತಕದಲ್ಲಿ ಅವನಿನ್ನೂ ಬದುಕಿರುತ್ತಾನೆ. ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಕಡಬ ತಾಲ್ಲೂಕು 2013ರಲ್ಲಿ ಘೋಷಿತವಾಗಿ, ಆ ದಶಕದ ಕೊನೆಗೆ ಕೆಲಸಕ್ಕೆ ತೊಡಗಿತು. ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ಬಿಡಿಸಿ ಅದನ್ನು ರಚಿಸಿದರು. ಸುಬ್ರಹ್ಮಣ್ಯವೇ ಮೊದಲು ಸುಳ್ಯಕ್ಕೆ ಸೇರಿತ್ತು. ಹಳೆಯ ಸಾವಿನ ಜಾಡು ಹಿಡಿದು ಬಂದವರು ಇಂದಿನ ನಕ್ಷೆಯನ್ನು ನೋಡಿ ಕಡಬದ ಬಾಗಿಲು ತಟ್ಟಿದರೆ, ತಾಲ್ಲೂಕು ಮಟ್ಟದ ಹಳೆಯ ಕಡತ ಬೇರೆ ಕಡೆ ಇರಬಹುದು. ಗಡಿ ಬದಲಾದಾಗ ಕಡತಗಳ ಪಟ್ಟಿಯೊಂದನ್ನು ಮಾಡಿಡುವುದು ಸಣ್ಣ ಕೆಲಸವೆಂದು ತೋರುತ್ತದೆ; ಹುಡುಕುವವನಿಗೆ ಅದೇ ಇಡೀ ಕೆಲಸ.

ಈಗ ಗುಟ್ಟಿನ ವಿಷಯಕ್ಕೆ ಬರೋಣ. 1969ರ ಜನನ ಮರಣ ನೋಂದಣಿ ಕಾಯಿದೆಯನ್ನು ಬರೆದವರು ಗಣಕಯಂತ್ರದ ಕಾಲದವರಲ್ಲ. ಆದರೂ ಅದರ 17ನೆಯ ಕಲಮಿನಲ್ಲಿ ಅವರು ತೋರಿದ ವಿವೇಕ ಮೆಚ್ಚತಕ್ಕದ್ದಾಗಿದೆ. ಮರಣದ ಪುಸ್ತಕದಲ್ಲಿ ಒಂದು ನಮೂದನ್ನು ಹುಡುಕಿಸುವ ಹಕ್ಕು ಯಾವ ವ್ಯಕ್ತಿಗಾದರೂ ಉಂಟು, ಬಂಧುವೇ ಆಗಿರಬೇಕೆಂದಿಲ್ಲ. ಅದೇ ಕಲಮು ಮುಂದುವರಿದು, ಹೀಗೆ ಕೊಡುವ ಪ್ರತಿಯಲ್ಲಿ ಮರಣದ ಕಾರಣವನ್ನು ಮಾತ್ರ ಯಾರಿಗೂ ತಿಳಿಸಕೂಡದೆಂದು ವಿಧಿಸುತ್ತದೆ. ಸತ್ತನೆಂಬುದು ಲೋಕಕ್ಕೆ ಸೇರಿದ್ದು. ಏಕೆ ಸತ್ತನೆಂಬುದು ಹಾಗಲ್ಲ. ಒಂದೇ ಕಲಮಿನಲ್ಲಿ ಬಾಗಿಲೂ ಉಂಟು, ಅಗುಳಿಯೂ ಉಂಟು. (2023ರಲ್ಲಿ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ಹತ್ತಿರದ ಬಂಧುವಿಗೂ ಕೊಡಬೇಕಾಗಿದೆ, ಅದು ಬೇರೆ ಮಾತು, ಅದು ನ್ಯಾಯವೂ ಹೌದು.)

ಮರಣದ ವರದಿಯ ನಮೂನೆಯನ್ನೂ ಹೀಗೆಯೇ ಎರಡು ಪಾಲಾಗಿ ಮಾಡಿದ್ದಾರೆ. ಒಂದು ಪಾಲು ಕಾನೂನಿನ ಮಾಹಿತಿ: ಹೆಸರು, ದಿನಾಂಕ, ಸ್ಥಳ. ಅದು ಪುಸ್ತಕಕ್ಕೆ ಸೇರುತ್ತದೆ. ಇನ್ನೊಂದು ಪಾಲು ಅಂಕಿ ಅಂಶದ ಮಾಹಿತಿ: ಮತ, ಕಸುಬು, ಕಾಯಿಲೆ, ಅಭ್ಯಾಸಗಳು. ಅದನ್ನು ಬೇರ್ಪಡಿಸಿ ಎಣಿಕೆಗೆ ಕಳುಹಿಸಬೇಕು. ಈ ಎರಡನೆಯ ಪಾಲಿನಲ್ಲಿ ನಮ್ಮ ತೋಟಗಾರರು ಹುಬ್ಬೇರಿಸಬಹುದಾದ ಪ್ರಶ್ನೆಯೊಂದಿದೆ. ಮೃತನು ಬೀಡಿ ಸಿಗರೇಟು ಸೇದುತ್ತಿದ್ದನೆ, ಹೊಗೆಸೊಪ್ಪು ಜಗಿಯುತ್ತಿದ್ದನೆ, ಮದ್ಯ ಕುಡಿಯುತ್ತಿದ್ದನೆ ಎಂಬವುಗಳ ಜೊತೆಗೆ, ಅಡಿಕೆಯನ್ನು ಯಾವುದೇ ರೂಪದಲ್ಲಿ ಜಗಿಯುತ್ತಿದ್ದನೆ, ಎಷ್ಟು ವರ್ಷಗಳಿಂದ, ಎಂದೂ ಕೇಳಲಾಗಿದೆ! ಪುತ್ತೂರು ಸುಳ್ಯಗಳಲ್ಲಿ ಕುಳಿತು ಇದನ್ನು ಭರ್ತಿ ಮಾಡುವ ಗುಮಾಸ್ತನ ಬಾಯಲ್ಲಿಯೂ ಆ ಹೊತ್ತಿಗೆ ಒಂದು ಹೋಳು ಇದ್ದರೆ ಆಶ್ಚರ್ಯವಿಲ್ಲ. ಪ್ರಶ್ನೆಯೇನೋ ವ್ಯರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಅರ್ಬುದ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಆ ತೀರ್ಮಾನ ಒಪ್ಪಲಿ ಬಿಡಲಿ, ಅದನ್ನು ಪರೀಕ್ಷಿಸಬೇಕಾದರೆ ಸಾವುಗಳ ಎಣಿಕೆಯಂತೂ ಬೇಕು. ಆದರೆ ವಿಜ್ಞಾನಕ್ಕೆ ಬೇಕಾದುದು ಎಣಿಕೆ, ಹೆಸರಲ್ಲ.

ಹೆಸರನ್ನು ಅಳಿಸಿದರೆ ಸಾಕಲ್ಲವೆ ಎಂದು ಕೇಳುವವರುಂಟು. ಸಾಲದು. ಇದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ನಾಲ್ಕು ಸಾವಿರ ಜನರಿರುವ ಒಂದು ಗ್ರಾಮವನ್ನು ಭಾವಿಸಿಕೊಳ್ಳಿ. ಎಂಬತ್ತು ವರ್ಷಗಳಲ್ಲಿ ಸುಮಾರು 29,200 ದಿನಗಳು. ಗಂಡು ಹೆಣ್ಣೆಂಬ ಭೇದವನ್ನು ಸೇರಿಸಿದರೆ 58,400 ಗೂಡುಗಳು. ನಾಲ್ಕು ಸಾವಿರ ಜನರನ್ನು ಈ ಗೂಡುಗಳಿಗೆ ಚೆಲ್ಲಿದರೆ ಬಹುಪಾಲು ಜನ ತಮ್ಮ ತಮ್ಮ ಗೂಡಿನಲ್ಲಿ ಒಂಟಿಯಾಗಿರುತ್ತಾರೆ. ಸಮನಾಗಿ ಹರಡಿದರೆ ನೂರಕ್ಕೆ ತೊಂಬತ್ತಮೂರು ಮಂದಿ. ವಯಸ್ಸುಗಳು ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೆ. ಎಂದಮೇಲೆ ಗ್ರಾಮ, ಲಿಂಗ, ಹುಟ್ಟಿದ ದಿನಾಂಕ ಈ ಮೂರನ್ನು ಹೇಳಿದರೆ ಹೆಸರನ್ನು ಹೇಳಿದಂತೆಯೇ ಸರಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು ತೊಂಬತ್ತರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರಳಿಸಿ ಸಂಶೋಧಕರಿಗೆ ಕೊಟ್ಟರು. ಲಟಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ ಇಪ್ಪತ್ತು ಡಾಲರು ತೆತ್ತು ಮತದಾರರ ಪಟ್ಟಿಯೊಂದನ್ನು ಕೊಂಡು, ಅಂಚೆಯ ವಲಯ, ಲಿಂಗ, ಜನ್ಮದಿನಗಳನ್ನು ಹೊಂದಿಸಿ ನೋಡಿ, ಆ ರಾಜ್ಯದ ರಾಜ್ಯಪಾಲ ವಿಲಿಯಂ ವೆಲ್ಡರ ಕಾಯಿಲೆಯ ದಾಖಲೆಯನ್ನೇ ಹೆಕ್ಕಿ ತೆಗೆದಳು! ನಮ್ಮ ಗ್ರಾಮಗಳಲ್ಲಿ ಅಷ್ಟು ಶ್ರಮವೂ ಬೇಡ. ಇಂಥ ಗ್ರಾಮದಲ್ಲಿ ಈ ವರ್ಷ ಇಂಥ ರೋಗದಿಂದ ಒಬ್ಬ ಗಂಡಸು ತೀರಿಕೊಂಡನೆಂದು ಪ್ರಕಟಿಸಿದರೆ, ಅವನು ಯಾರೆಂದು ಸಂಜೆಯೊಳಗೆ ಚಹಾದಂಗಡಿಯಲ್ಲಿ ಇತ್ಯರ್ಥವಾಗಿರುತ್ತದೆ.

ಕಾರಣ ಬಯಲಾದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2020ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಕೋವಿಡ್ ಶಂಕೆಯಿಂದ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಜಿಲ್ಲಾವಾರು ಪ್ರಕಟಿಸಿತು. ಮುಂದಿನ ತಿಂಗಳು ಆ ರೋಗದಿಂದ ತೀರಿಕೊಂಡ ಒಬ್ಬರ ದಹನಕ್ಕೆ ಮಂಗಳೂರಿನ ಪಚ್ಚನಾಡಿಯಲ್ಲಿ ಜನ ಅಡ್ಡಿಯಾದರು. ಕೊನೆಗೆ ಬಂಟ್ವಾಳದಲ್ಲಿ ರಾತ್ರಿಯ ಹೊತ್ತು ಆ ಕಾರ್ಯ ನಡೆಯಬೇಕಾಯಿತು. ರೋಗಾಣುವಿಗೆ ಉಸಿರಾಡುವ ದೇಹ ಬೇಕು. ಚಿತೆಯ ಹೊಗೆಯಿಂದ ಅದು ಹರಡುವುದಿಲ್ಲ. ಆದರೆ ಹೆದರಿದ ಜನಕ್ಕೆ ಪಾಠ ಹೇಳುವ ಹೊತ್ತು ಅದಾಗಿರಲಿಲ್ಲ. ಎಚ್.ಐ.ವಿ. ವಿಷಯದಲ್ಲಿ 2017ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂದು ರೋಗಿಯ ಗುಟ್ಟಿಗೆ ರಕ್ಷಣೆಯಿತ್ತಿತು. ಇತರ ರೋಗಗಳಿಗೆ 1969ರ ಆ ಒಂದು ವಾಕ್ಯವೇ ಗತಿ.

ಇಲ್ಲೊಂದು ಭೇದವನ್ನು ಹೇಳಬೇಕು. ಗುರುತಿಲ್ಲದವನು ಬೇರೆ, ವಾರಸುದಾರರಿಲ್ಲದವನು ಬೇರೆ. 2021ರ ಜೂನ್ 2ರಂದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ, ಆಗಿನ ಕಂದಾಯ ಮಂತ್ರಿ ಆರ್. ಅಶೋಕರು, ಕೋವಿಡ್‌ನಿಂದ ಮಡಿದ ಐನೂರಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು ಕಾವೇರಿಯಲ್ಲಿ ವಿಸರ್ಜಿಸಿದರು. ಅವರು ಹೆಸರಿಲ್ಲದವರಾಗಿರಲಿಲ್ಲ, ಬೂದಿಯನ್ನು ಒಯ್ಯಲು ಯಾರೂ ಬಂದಿರಲಿಲ್ಲ. ಕೆಲವರ ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದರು, ಕೆಲವರು ಹೆದರಿದ್ದರು. ಅಂಥ ಪಟ್ಟಿಯನ್ನು ಗೋಡೆಗೆ ಹಚ್ಚಿದರೆ ಸತ್ತವರಿಗಿಂತ ಬದುಕಿರುವವರಿಗೆ ಅವಮಾನ. ಗುರುತಿಲ್ಲದವನ ಮಾತು ಇದಕ್ಕೆ ತೀರ ವಿರುದ್ಧ: ಅವನ ವಿಷಯದಲ್ಲಿ ಗೋಡೆಗೆ ಹಚ್ಚದಿರುವುದೇ ತಪ್ಪು. ಎರಡು ಬಗೆಯ ಶವಕ್ಕೂ ಒಂದೇ ನಿಯಮ ಸಲ್ಲದೆಂದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಬೇರೊಂದು ದಾರಿಯಿಂದ ಬಂತು. ಅಲ್ಲಿ 1984ರ ಸಾರ್ವಜನಿಕ ಆರೋಗ್ಯ ಕಾಯಿದೆಯ 46ನೆಯ ಕಲಮಿನಂತೆ, ಅಂತ್ಯಕ್ರಿಯೆಗೆ ಬೇರೆ ಏರ್ಪಾಡಿಲ್ಲದವರನ್ನು ಹೂಳುವುದು ಅಥವಾ ಸುಡುವುದು ಸ್ಥಳೀಯ ಮಂಡಲಿಯ ಕರ್ತವ್ಯ. ಒಂಟಿಯಾಗಿ ಸತ್ತವರ ಮನೆಯಲ್ಲಿ ಹಣವೂ ಇರಬಹುದಷ್ಟೆ. ವಾರಸುದಾರರನ್ನು ಪತ್ತೆಹಚ್ಚಿ ಪಾಲು ಪಡೆಯುವುದನ್ನೇ ಕಸುಬಾಗಿ ಮಾಡಿಕೊಂಡ ಕಂಪನಿಗಳು, ಮಾಹಿತಿ ಸ್ವಾತಂತ್ರ್ಯದ ಕಾಯಿದೆಯನ್ನು ಹಿಡಿದು ಮಂಡಲಿಗಳಿಗೆ ಅರ್ಜಿಯ ಮೇಲೆ ಅರ್ಜಿ ಹಾಕತೊಡಗಿದವು: ಸತ್ತವರು ಯಾರು, ಎಲ್ಲಿದ್ದರು, ಎಷ್ಟು ಬಿಟ್ಟುಹೋದರು? ಸತ್ತವರ ಮಾಹಿತಿಗೆ ಯೂರೋಪಿನ ದತ್ತಾಂಶ ನಿಯಮ ಅನ್ವಯಿಸುವುದಿಲ್ಲ. ಆದರೂ ಅನೇಕ ಮಂಡಲಿಗಳು ಹೆಸರು ಮತ್ತು ಮರಣದ ದಿನಾಂಕವನ್ನು ತಿಳಿಸಿ, ವಿಳಾಸವನ್ನು ಮಾತ್ರ ತಡೆಹಿಡಿದವು. ಬೀಗ ಹಾಕಿದ ಖಾಲಿ ಮನೆಗಳ ಪಟ್ಟಿ ಕಳ್ಳನಿಗಲ್ಲದೆ ಇನ್ನಾರಿಗೆ ಅಷ್ಟು ಉಪಯುಕ್ತ?

ನಮ್ಮಲ್ಲಿಯೂ ಇದಕ್ಕೆ ಸಮೀಪದ ಒಂದು ಒಳ್ಳೆಯ ಏರ್ಪಾಡು ಹಣದ ವಿಷಯದಲ್ಲಿ ಬಂದಿದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣವನ್ನು ತೆರೆಯಿತು. ಹುಡುಕುವವನು ಖಾತೆದಾರನ ಹೆಸರಿನ ಜೊತೆಗೆ ಜನ್ಮದಿನವನ್ನೋ ಇನ್ನೊಂದು ಗುರುತನ್ನೋ ತಾನೇ ತರಬೇಕು. ತಿಳಿದವನಿಗೆ ಮಾತ್ರ ಉತ್ತರ. ಸುಮ್ಮನೆ ಜಾಲಾಡುವವನಿಗೆ ಇಲ್ಲ. ಶವದ ಮೇಲಿದ್ದ ಉಂಗುರ, ಚೀಟಿ, ಬೀಗದ ಕೈಗಳ ವಿಷಯದಲ್ಲಿ ನಮ್ಮ ಪಂಚಾಯತಿಗಳು ಇದೇ ಉಪಾಯವನ್ನು ಅನುಸರಿಸಬಹುದು. ಎಲ್ಲ ಗುರುತುಗಳನ್ನೂ ಪತ್ರಿಕೆಗೆ ಕೊಡದೆ ಒಂದೆರಡನ್ನು ಕಾದಿರಿಸಿಕೊಂಡರೆ, ಬಂದವನು ನಿಜವಾದ ಬಂಧುವೇ ಎಂದು ಪರೀಕ್ಷಿಸಲು ಅದೇ ಒರೆಗಲ್ಲು.

ನಮ್ಮ ಹೊಸ ಕಾನೂನು ಏನು ಹೇಳುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ 14ನೆಯ ಕಲಮಿನಂತೆ, ತಾನು ಸತ್ತಮೇಲೆ ತನ್ನ ಮಾಹಿತಿಯ ಹಕ್ಕುಗಳನ್ನು ಚಲಾಯಿಸಲು ಯಾರನ್ನಾದರೂ ನಾಮಕರಣ ಮಾಡಬಹುದು. ಆದರೆ ಹೆಣ ಕೇಳಲೂ ಯಾರಿಲ್ಲದವನು ಹೀಗೆ ಒಬ್ಬನನ್ನು ಹೆಸರಿಸಿಟ್ಟಿರುವನೆಂದು ನಂಬುವುದು ಕಷ್ಟ. ಅದೇ ಕಾಯಿದೆಯು ಮಾಹಿತಿ ಹಕ್ಕಿನ 8ನೆಯ ಕಲಮನ್ನೂ ಬದಲಿಸಿತು. ಆ ಬದಲಾವಣೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಮೇಲೆ, ಅದು ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ಅಧಿಕಾರಿಯು ಅರ್ಜಿಯನ್ನು ತಳ್ಳಿಹಾಕಬಹುದು. ಸಾರ್ವಜನಿಕ ಹಿತ ದೊಡ್ಡದಾಗಿದ್ದಲ್ಲಿ ಕೊಡಬಹುದೆಂಬ ಉಪವಿಧಿ ಮಾತ್ರ ಉಳಿದಿದೆ. ಹೂತ ಲೆಕ್ಕವನ್ನು ಕೇಳಿದಾಗ ದಫ್ತರದವರು ಆ ಉಪವಿಧಿಯನ್ನು ಮರೆಯಬಾರದು.

ಏಕೆಂದರೆ ಆ ಲೆಕ್ಕದ ಬೆಲೆ ಯಾವಾಗ ಏರುವುದೆಂದು ಹೇಳಲಾಗದು. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಿಂದೆ ಅನೇಕ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತೆಂಬ ದೂರಿನ ಮೇಲೆ ಸರ್ಕಾರವು 2025ರ ಜುಲೈಯಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು. ಆಗಸ್ಟಿನಲ್ಲಿ ದೂರು ಕೊಟ್ಟವನನ್ನೇ ಬಂಧಿಸಲಾಯಿತು. ಆರೋಪದ ಸತ್ಯಾಸತ್ಯವು ಕಾನೂನಿಗೆ ಸೇರಿದ್ದು. ನಮ್ಮ ಲೇಖನದ ವಿಷಯವಲ್ಲ. ನಮಗೆ ಮುಖ್ಯವಾದುದು ಕಾಗದ. ಗ್ರಾಮ ಪಂಚಾಯತಿಯ ಹಳೆಯ ದಫನದ ದಾಖಲೆಗಳನ್ನು ಎಲ್ಲರೂ ಹುಡುಕತೊಡಗಿದರು. ಆಗಲೇ, 2000ದಿಂದ 2015ರವರೆಗಿನ ಅಸ್ವಾಭಾವಿಕ ಮರಣದ ಕಡತಗಳನ್ನು ಆಡಳಿತದ ರೂಢಿಯಂತೆ ನಾಶಪಡಿಸಲಾಗಿದೆಯೆಂಬ ಉತ್ತರವು ಪೊಲೀಸರಿಂದ ಮಾಹಿತಿ ಹಕ್ಕಿನಡಿ ಬಂದುದು ಪತ್ರಿಕೆಗಳಲ್ಲಿ ವರದಿಯಾಯಿತು. ಹಳೆಯ ಕಡತವನ್ನು ಸುಡುವುದು ಖಾಸಗಿತನದ ರಕ್ಷಣೆಯೆಂದು ಯಾರಾದರೂ ವಾದಿಸಿಯಾರು. ಗುರುತಿಲ್ಲದವನ ಮಟ್ಟಿಗೆ ಅದು ಅವನನ್ನು ಎರಡನೆಯ ಸಲ ಹೂತಂತೆ. ಅದೂ ಗುಂಡಿಯ ಸಂಖ್ಯೆಯಿಲ್ಲದೆ.

ಗುಂಡಿಯ ಸಂಖ್ಯೆಯ ಅರ್ಥವನ್ನು ಇನ್ನೊಂದು ದುರಂತ ತಿಳಿಸಿಕೊಡುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ಓಡುಹಾದಿಯನ್ನು ಮೀರಿ ಕಣಿವೆಗೆ ಬಿದ್ದು ಉರಿದುಹೋಯಿತು. 166 ಮಂದಿಯಲ್ಲಿ 158 ಮಂದಿ ಮಡಿದರು. ಪ್ರಯಾಣಿಕರ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರೂ ಇತ್ತು. ಆದರೆ ಯಾವ ದೇಹ ಯಾವ ಹೆಸರಿನದೆಂದು ಹೇಳುವುದೇ ಕಷ್ಟವಾಗಿತ್ತು. ಬಂಧುಗಳ ರಕ್ತದ ಮಾದರಿಗಳು ಹೈದರಾಬಾದಿನ ಡಿ.ಎನ್.ಎ. ಕೇಂದ್ರಕ್ಕೆ ಹೋದವು. ಕೊನೆಗೂ ಹೊಂದಾಣಿಕೆಯಾಗದೆ ಉಳಿದ ಹನ್ನೆರಡು ದೇಹಗಳನ್ನು ಜಿಲ್ಲಾಡಳಿತವು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಹೂಳಿಸಿತು. ಡಿ.ಎನ್.ಎ. ಪರೀಕ್ಷೆಯಲ್ಲಿ ಮರೆಯಬಾರದ ಅಂಶವೊಂದುಂಟು: ಸತ್ತವನನ್ನು ಗುರುತಿಸಲು ಬದುಕಿರುವವನು ತನ್ನ ರಕ್ತವನ್ನು ಕೊಡಬೇಕು. ಆ ತೊಟ್ಟಿನಲ್ಲಿ ಅವನ, ಅವನ ಒಡಹುಟ್ಟಿದವರ, ಮಕ್ಕಳ ಸಂಗತಿಯೂ ಅಡಗಿದೆ. ಸತ್ತವನ ಹಲ್ಲನ್ನು ಎಷ್ಟು ಕಾಲ ಬೇಕಾದರೂ ಇಡಲಿ. ಬಂಧುವಿನ ಮಾದರಿಯನ್ನು ಕೆಲಸ ಮುಗಿದೊಡನೆ ಅಳಿಸಬೇಕು.

ಹೀಗಿರಲು ಪುತ್ತೂರು, ಸುಳ್ಯ, ಕಡಬಗಳ ದಫನದ ಪುಸ್ತಕವೂ ಮರಣದ ನಮೂನೆಯಂತೆ ಎರಡು ಪಾಲಿನದಾಗಿರಬೇಕೆಂದು ನಾವು ಬಯಸುತ್ತೇವೆ. ದಿನಾಂಕ, ಸ್ಥಳ, ಗುಂಡಿಯ ಸಂಖ್ಯೆ, ಅಂದಾಜು ವಯಸ್ಸು, ಎತ್ತರ, ಉಡುಪು, ಮಹಜರಿನ ಸಂಖ್ಯೆ, ಇವು ಯಾರು ಕೇಳಿದರೂ ಸಿಗುವಂತಿರಲಿ, ಎಂದಿಗೂ ನಾಶವಾಗದಿರಲಿ. ರೋಗ, ಶವದ ಚಿತ್ರ, ಜೇಬಿನ ಚೀಟಿ, ವಿಳಾಸ, ಬೀಗದ ಕೈ, ಇವು ಬೀರುವಿನಲ್ಲಿರಲಿ. ಈಗ ಶವದ ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಹಾರಿ, ಬಂಧುವಿಗೆ ಮುಟ್ಟುವ ಮೊದಲೇ ಬೀದಿಯ ಮಕ್ಕಳಿಗೆ ಮುಟ್ಟುತ್ತಿದೆ. ಹಚ್ಚೆಯ ಅಥವಾ ಉಡುಪಿನ ಚಿತ್ರದಿಂದ ಆಗುವ ಕೆಲಸಕ್ಕೆ ಮುಖದ ಚಿತ್ರವನ್ನು ಬಳಸಬೇಕಾಗಿಲ್ಲ.

ಬಂಧುಗಳು ಬರುವುದು ಕೆಲವೊಮ್ಮೆ ವರ್ಷಗಳ ಮೇಲೆ. ಆಗ ಏನು ಮಾಡಬೇಕೆಂಬುದೂ 1969ರ ಕಾಯಿದೆಯಲ್ಲಿಯೇ ಇದೆ. ಅದರ 15ನೆಯ ಕಲಮಿನಂತೆ, ತಪ್ಪು ನಮೂದನ್ನು ಸರಿಪಡಿಸುವ ನೋಂದಣಾಧಿಕಾರಿಯು ಮೊದಲ ಬರವಣಿಗೆಯನ್ನು ಅಳಿಸುವಂತಿಲ್ಲ. ಅಪರಿಚಿತ ಗಂಡಸು ಎಂಬ ಹಳೆಯ ಸಾಲು ಹಾಗೆಯೇ ಇರುತ್ತದೆ. ಪುಟದ ಅಂಚಿನಲ್ಲಿ ಹೆಸರನ್ನು ಬರೆದು, ಸಹಿ ಮಾಡಿ, ಅಂದಿನ ತಾರೀಕನ್ನು ಹಾಕಬೇಕು.